ಹೆಗಲು ಇಳಿದರೆ ತಡ ಮಾಡಬೇಡಿ

(ಹಾಲು ಉತ್ಪಾದಕ ಸದಸ್ಯರ ಒಂದು ದಿನದ ತರಬೇತಿ ಶಿಬಿರದಲ್ಲಿ ಸೇಡಂ ತಾಲ್ಲೂಕಿನ ಸಂಘವೊಂದರ ಕಾರ್ಯದರ್ಶಿಗಳು ಮಾಡಿದ ಭಾಷಣ)



ಬೆಳಗಿನಿಂದ ಹಸಿರು ಮೇವು, ಕೆಚ್ಚಲು ಬಾವು, ಕರುಗಳ ಪಾಲನೆ ಕುರಿತು ಪಶುವೈದ್ಯರು ತಮಗೆ ಬಹಳ ಉಪಯುಕ್ತ ಮಾತು ಹೇಳಿದ್ದಾರೆ. ನಾನು ಹೇಳಬೇಕೆಂದಿರುವುದು ದನದ ವಿಷಯವಲ್ಲ, ದನ ಸಾಕುವವನ ವಿಷಯ. ನನ್ನ ಬಲ ಹೆಗಲಿನ ಕಥೆ. ನಾನು ಡಾಕ್ಟರಲ್ಲ. ನನ್ನ ಮೈಮೇಲೆ ಬಂದದ್ದನ್ನು ಮತ್ತು ಡಾಕ್ಟರು ನನಗೆ ತಿಳಿಸಿ ಹೇಳಿದ್ದನ್ನು ಮಾತ್ರ ನಿಮ್ಮ ಮುಂದೆ ಇಡುತ್ತೇನೆ. ನನ್ನಂತೆ ಇನ್ನೊಬ್ಬರು ನಾಲ್ಕು ತಿಂಗಳು ಕಳೆದುಕೊಳ್ಳಬಾರದು ಎಂಬುದೇ ಇದರ ಉದ್ದೇಶ.

ನಮ್ಮ ಭಾಗದಲ್ಲಿ ಹೆಗಲಿಲ್ಲದೆ ಯಾವ ಕೆಲಸವೂ ನಡೆಯುವುದಿಲ್ಲ. ಶಹಾಬಾದ ಕಡೆಯ ಗಣಿಯಲ್ಲಿ ಹಾಸುಗಲ್ಲು ಎತ್ತಬೇಕು. ವಾಡಿ, ಸೇಡಂ ಕಡೆ ಐವತ್ತು ಕಿಲೋ ಸಿಮೆಂಟ್ ಚೀಲ ಹೊರಬೇಕು. ಚಿಂಚೋಳಿ, ಚಿತ್ತಾಪುರದ ಹೊಲಗಳಿಂದ ಜೋಳದ ಕಣಿಕಿ, ತೊಗರಿ ಕಟ್ಟಿಗೆಯ ಹೊರೆ ತರಬೇಕು. ಇನ್ನು ನಮ್ಮ ಹಾಲಿನ ಕ್ಯಾನು. ನಲವತ್ತು ಲೀಟರಿನ ಕ್ಯಾನು ತುಂಬಿದರೆ ಹಾಲೇ ನಲವತ್ತೊಂದು ಕಿಲೋ ತೂಗುತ್ತದೆ, ಕ್ಯಾನಿನ ತೂಕ ಬೇರೆ. ಅದನ್ನು ಎಷ್ಟೋ ವರ್ಷ ದಿನಕ್ಕೆರಡು ಹೊತ್ತು ವ್ಯಾನಿಗೆ ಎತ್ತಿ ಕೊಟ್ಟ ತೋಳು ನನ್ನದು.

ಒಂದು ವರ್ಷ ಶಿವರಾತ್ರಿಗೆ ಮುಂಚೆ ನನ್ನ ಕುತ್ತಿಗೆಯ ಬಲಬದಿಯಲ್ಲಿ ಹುಣಸೆಬೀಜದಷ್ಟು ಒಂದು ಗಂಟು ಕಾಣಿಸಿತು. ನೋವಿರಲಿಲ್ಲ. ಸಂಜೆಗೆ ಸಣ್ಣ ಜ್ವರ ಬರುತ್ತಿತ್ತು. ಆಸ್ಪತ್ರೆಯಲ್ಲಿ ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ಗ್ರಂಥಿಯ ಕ್ಷಯ ಎಂದು ಬಂತು. ಆರು ತಿಂಗಳ ಔಷಧಿ, ಸರ್ಕಾರದಿಂದ ಉಚಿತ. ಒಂದು ದಿನವೂ ತಪ್ಪಿಸದೆ ನುಂಗಿದೆ, ಕ್ಷಯ ಪೂರ್ತಿ ವಾಸಿಯಾಯಿತು. ಆ ವಿಷಯದಲ್ಲಿ ನನಗೆ ಒಳ್ಳೆಯದೇ ಆಯಿತು.

ಆದರೆ ಹೊಲಿಗೆ ಬಿಚ್ಚಿದ ಮೇಲೆ ಬಲಗೈ ಭಾರವೆನಿಸತೊಡಗಿತು. ಅಂಗಿ ತೊಡಲು ಕೈ ಮೇಲೆ ಹೋಗಲೊಲ್ಲದು. ಗಾಯದ ನೋವು, ಹೋಗುತ್ತದೆ ಎಂದುಕೊಂಡೆ. ಯುಗಾದಿಯ ದಿನ ಎಣ್ಣೆಸ್ನಾನಕ್ಕೆ ಕುಳಿತಾಗ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದ ನನ್ನ ಮನೆಯಾಕೆ ಕೈ ನಿಲ್ಲಿಸಿದಳು. "ಇಲ್ನೋಡ್ರಿ, ನಿಮ್ಮ ಬಲಗಡಿ ಎಲುಬು ಹೊರಗ ಬಂದದ. ಹಕ್ಕಿ ರೆಕ್ಕಿ ಎತ್ತಿದಂಗ ಕಾಣ್ತದ" ಎಂದಳು. ನನ್ನ ಬೆನ್ನು ನನಗೆ ಕಾಣುವುದಿಲ್ಲ. ಕನ್ನಡಿ ಹಿಡಿದು ತೋರಿಸಿದಾಗ ಬಲ ಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗೆ ಇಳಿದಿತ್ತು. ಹೆಗಲ ಹಿಂದಿನ ಚಪ್ಪಟೆ ಎಲುಬಿನ ಅಂಚು ಚರ್ಮದ ಕೆಳಗೆ ಎದ್ದು ನಿಂತಿತ್ತು.

ಇಲ್ಲಿಂದ ನನ್ನ ತಪ್ಪು ಆರಂಭವಾಗುತ್ತದೆ. ಒಬ್ಬರು ವಾತ ಎಂದರು, ತಿಕ್ಕಿಸಿಕೊಂಡೆ. ಇನ್ನೊಬ್ಬರು ಎಲುಬು ಜರುಗಿದೆ ಎಂದರು, ಎಳೆಸಿಕೊಂಡೆ. ಮತ್ತೊಬ್ಬರ ಮಾತು ಕೇಳಿ ಬರೆಯನ್ನೂ ಹಾಕಿಸಿಕೊಂಡೆ. ಅದರ ಗುರುತು ಇನ್ನೂ ಇದೆ, ಬೇಕಾದವರು ಆಮೇಲೆ ನೋಡಬಹುದು. ಇದರ ನಡುವೆ ಕ್ಯಾನು ಎತ್ತುವುದನ್ನೂ ಬಿಡಲಿಲ್ಲ. ಹೀಗೆ ಕಾರ ಹುಣ್ಣಿಮೆ ಬಂತು. ಎತ್ತುಗಳಿಗೆ ಕೊಂಬು ಬಣ್ಣ ಹಚ್ಚಲು ಕೈ ಎತ್ತಿದರೆ ಬಲಗೈ ಎದೆಯ ಮಟ್ಟಕ್ಕೆ ನಿಂತುಬಿಟ್ಟಿತು. ಎಡಗೈಯಿಂದಲೇ ಬಣ್ಣ ಹಚ್ಚಿದೆ. ಆ ದಿನ ನನ್ನ ಮಗ, "ಅಪ್ಪಾ, ಎತ್ತಿಗೆ ಏನರೆ ಆದ್ರ ಅದೇ ದಿನಾ ಡಾಕ್ಟರಿಗೆ ಫೋನ್ ಮಾಡ್ತಿ. ನಿನಗ ಯಾಕ ಮಾಡವಲ್ಲಿ?" ಎಂದ. ನನಗೆ ಉತ್ತರ ಇರಲಿಲ್ಲ. ಮರುದಿನವೇ ರೈಲು ಹತ್ತಿದೆ.

ಅಲ್ಲಿಯ ನರತಜ್ಞರು ಅಂಗಿ ಬಿಚ್ಚಿಸಿ ಎರಡು ಪರೀಕ್ಷೆ ಮಾಡಿದರು. ಎರಡೂ ಅಂಗೈ ಗೋಡೆಗೆ ಊರಿ ಮುಂದಕ್ಕೆ ಒತ್ತಲು ಹೇಳಿದರು. ಆಮೇಲೆ ಎರಡೂ ತೋಳುಗಳನ್ನು ಬದಿಯಿಂದ ಮೇಲೆತ್ತಲು ಹೇಳಿದರು. ನಿಂತು ಹಿಂದಿನಿಂದ ನೋಡಿದರು, ಅಷ್ಟೆ. "ಇದು ಎಲುಬಿನ ರೋಗವಲ್ಲ, ನರದ್ದು" ಎಂದರು. ಆಮೇಲೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ನನಗೆ ತಿಳಿದ ಮಟ್ಟಿಗೆ ಅದನ್ನು ಹೇಳುತ್ತೇನೆ.

ಹೆಗಲ ಹಿಂದಿನ ಹಲಗೆ ಎಲುಬು ಬೆನ್ನುಹುರಿಗೆ ಕೀಲು ಹಾಕಿ ಕೂರಿಸಿದ್ದಲ್ಲ. ಸ್ನಾಯುಗಳೇ ಅದನ್ನು ನಾಲ್ಕೂ ಕಡೆಯಿಂದ ಎಳೆದು ಪಕ್ಕೆಲುಬಿನ ಮೇಲೆ ಹಿಡಿದಿರುತ್ತವೆ. ಗುಡಾರವನ್ನು ಹಗ್ಗಗಳು ಹಿಡಿದಿರುವಂತೆ. ಇವುಗಳಲ್ಲಿ ಮುಖ್ಯವಾದವು ಎರಡು. ಒಂದು ಕುತ್ತಿಗೆಯಿಂದ ಹೆಗಲಿಗೆ ಹಾಗೂ ಬೆನ್ನಿಗೆ ಹರಡಿರುವ ಟ್ರೆಪೀಜಿಯಸ್. ಹೆಗಲನ್ನು ಮೇಲೆ ಎತ್ತಿ ಹಿಡಿಯುವುದು ಇದರ ಕೆಲಸ. ಇನ್ನೊಂದು ಪಕ್ಕೆಲುಬುಗಳಿಂದ ಹೊರಟು ಹಲಗೆಯ ಒಳ ಅಂಚಿಗೆ ಸೇರುವ ಸರೇಟಸ್. ಮುಂದಕ್ಕೆ ತಳ್ಳುವಾಗ ಹಲಗೆ ಏಳದಂತೆ ಒತ್ತಿ ಹಿಡಿಯುವುದು ಇದು. ಯಾವುದಾದರೂ ಒಂದು ಹಗ್ಗ ಸಡಿಲವಾದರೆ ಹಲಗೆ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ.

ಈ ಸ್ನಾಯುಗಳಿಗೆ ಆಜ್ಞೆ ತರುವುದು ನರ. ಹೊಲದ ಮೋಟರು ಸರಿ ಇದೆ, ಕಂಬದಿಂದ ಬರುವ ವೈರು ಹರಿದಿದೆ ಎಂದುಕೊಳ್ಳಿ. ಮೋಟರಿಗೆ ಎಷ್ಟು ಗ್ರೀಸ್ ಹಚ್ಚಿದರೂ ನೀರು ಬರುವುದಿಲ್ಲ. ನಾನು ಮೂರು ತಿಂಗಳು ತಿಕ್ಕಿಸಿಕೊಂಡದ್ದು ಹೀಗೆ ಮೋಟರಿಗೆ ಗ್ರೀಸ್ ಹಚ್ಚಿದಂತೆಯೇ.

ಟ್ರೆಪೀಜಿಯಸ್‌ಗೆ ಬರುವ ನರದ ಹೆಸರು ಆಕ್ಸೆಸರಿ ನರ. ತಲೆಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಹನ್ನೊಂದನೆಯದು. ಕುತ್ತಿಗೆಯ ಬದಿಯಲ್ಲಿ ಇದು ಚರ್ಮದ ಕೆಳಗೆ ಬಹಳ ಮೇಲ್ಮಟ್ಟದಲ್ಲಿ, ಗ್ರಂಥಿಗಳ ನಡುವೆಯೇ ಹಾದು ಬರುತ್ತದೆ. ಆದ್ದರಿಂದ ಅಲ್ಲಿನ ಗಂಟು ತೆಗೆಯುವಾಗ ಇದಕ್ಕೆ ಪೆಟ್ಟಾಗುವ ಸಂಭವ ಎಲ್ಲ ದೇಶಗಳಲ್ಲಿಯೂ ಇದೆ. ಸರೇಟಸ್‌ಗೆ ಬರುವುದು ಲಾಂಗ್ ಥೊರಾಸಿಕ್ ನರ. ಕುತ್ತಿಗೆಯ ಐದು, ಆರು, ಏಳನೆಯ ಬೇರುಗಳಿಂದ ಹೊರಟು ಪಕ್ಕೆಯ ಮೇಲೆ ಉದ್ದಕ್ಕೆ ಇಳಿಯುತ್ತದೆ. ಸ್ತನದ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿ ತೆಗೆಯುವಾಗ ಇದಕ್ಕೆ ಪೆಟ್ಟಾಗಬಹುದು. ಹೆಗಲ ಮೇಲೆ ಭಾರ ಹೊತ್ತು ಹೊತ್ತು ಶಸ್ತ್ರಕ್ರಿಯೆ ಇಲ್ಲದೆಯೂ ಇದು ಸೋಲಬಹುದು. ಹಾಸುಗಲ್ಲು, ಚೀಲ ಹೊರುವವರು ಇದನ್ನು ನೆನಪಿಡಬೇಕು.

ಇದು ನಮಗೆ ಹೊಸದೇನಲ್ಲ ಬಂಧುಗಳೇ. ಮಿಶ್ರತಳಿಯ ಆಕಳಿಗೆ ದೊಡ್ಡ ಕರು ಬಂದು, ಎಳೆದು ತೆಗೆದ ಮೇಲೆ ಆಕಳು ಏಳಲಾರದೆ ಹಿಂಗಾಲು ಎರಡು ಕಡೆಗೆ ಜಾರುವುದನ್ನು ನೀವು ನೋಡಿದ್ದೀರಿ. ಅದೂ ನರದ್ದೇ. ಒಳತೊಡೆಗೆ ಹೋಗುವ ನರ ಕರುವಿನ ಒತ್ತಡಕ್ಕೆ ಸೋತಿರುತ್ತದೆ. ಪಶುವೈದ್ಯರು ಏನು ಹೇಳುತ್ತಾರೆ? ಜಾರುವ ಹಾಸುಗಲ್ಲಿನ ಮೇಲಿಂದ ತೆಗೆದು ಮಣ್ಣಿನ ಮೇಲೆ ಹುಲ್ಲು ಹಾಸಿ ಮಲಗಿಸಿ, ಹಿಂಗಾಲು ಅಗಲವಾಗದಂತೆ ಮೆತ್ತಗೆ ಕಟ್ಟಿ, ದಿನಕ್ಕೆ ಹಲವು ಸಲ ಮಗ್ಗಲು ಬದಲಿಸಿ, ತಾಳ್ಮೆಯಿಂದ ಕಾಯಿರಿ ಎನ್ನುತ್ತಾರೆ. ನರಕ್ಕೆ ಪೆಟ್ಟಾದಾಗ ಅಂಗವನ್ನು ಕಾಪಾಡಿಕೊಂಡು ನರ ಎಚ್ಚರಗೊಳ್ಳುವವರೆಗೆ ಕಾಯಬೇಕು. ಮನುಷ್ಯರಿಗೂ ಅದೇ ನ್ಯಾಯ.

ಆದರೆ ಎಷ್ಟು ದಿನ ಕಾಯಬೇಕು ಎಂಬುದೇ ಮುಖ್ಯ. ನರ ಜಗ್ಗಿದ್ದರೆ ಅಥವಾ ಒತ್ತಿಹೋಗಿದ್ದರೆ ತಾನಾಗಿಯೇ ಚೇತರಿಸಿಕೊಳ್ಳಬಹುದು. ಅದಕ್ಕೆ ಕೆಲವು ತಿಂಗಳು, ಕೆಲವರಿಗೆ ಎರಡು ವರ್ಷದವರೆಗೂ ಹಿಡಿಯುತ್ತದೆ. ನರ ಕತ್ತರಿಸಿಹೋಗಿದ್ದರೆ ತಾನಾಗಿ ಕೂಡುವುದಿಲ್ಲ, ಕೂಡಿಸಬೇಕು. ಯಾವುದು ಆಗಿದೆ ಎಂದು ತಿಳಿಯಲು ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ವಿದ್ಯುತ್ ಸಂಕೇತ ನೋಡುವ ಪರೀಕ್ಷೆ ಇದೆ. ಪೆಟ್ಟಾಗಿ ಮೂರು ವಾರ ಕಳೆದ ಮೇಲೆ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೂರು ತಿಂಗಳಾದರೂ ಸುಧಾರಣೆಯ ಗುರುತಿಲ್ಲದಿದ್ದರೆ ಬಿಚ್ಚಿ ನೋಡುವ ಯೋಚನೆ ಮಾಡುತ್ತಾರೆ. ಆರು ತಿಂಗಳ ಒಳಗೆ ಕೂಡಿಸಿದರೆ ಫಲ ಚೆನ್ನಾಗಿರುತ್ತದೆ. ವರ್ಷ ದಾಟಿದರೆ ಸಂಕೇತ ಸಿಗದ ಸ್ನಾಯು ಸೊರಗಿ ಕೊಬ್ಬು, ನಾರಾಗುತ್ತ ಹೋಗುತ್ತದೆ. ಆಮೇಲೆ ನರ ಬಂದು ತಲುಪಿದರೂ ಕೆಲಸ ಮಾಡಲು ಅಲ್ಲಿ ಸ್ನಾಯುವೇ ಉಳಿದಿರುವುದಿಲ್ಲ. ಹಾಲಿಗೆ ಡೇರಿ ವ್ಯಾನಿನ ವೇಳೆ ಇರುವಂತೆ ನರಕ್ಕೂ ಒಂದು ವೇಳೆ ಇದೆ. ನಾನು ಆ ವೇಳೆಯಲ್ಲಿ ನಾಲ್ಕು ತಿಂಗಳು ಬರೆ, ಎಣ್ಣೆಗಳಲ್ಲಿ ಕಳೆದಿದ್ದೆ.

ಆಷಾಢದಲ್ಲಿ ನನಗೆ ಎರಡನೆಯ ಶಸ್ತ್ರಕ್ರಿಯೆ ಆಯಿತು. ನರದ ಎರಡು ತುದಿ ದೂರ ಸರಿದಿದ್ದರಿಂದ ಕಾಲಿನ ಮೀನಖಂಡದ ಹಿಂದಿನ ಒಂದು ಚರ್ಮದ ನರ ತೆಗೆದು ನಡುವೆ ತೇಪೆ ಹಾಕಿದರು. ಅದರಿಂದ ಪಾದದ ಹೊರಬದಿ ಸ್ವಲ್ಪ ಜೋಮು ಹಿಡಿದಂತಿದೆ, ನಡೆಯಲು ತೊಂದರೆ ಇಲ್ಲ. ಮೂರು ವಾರ ತೋಳು ಜೋಳಿಗೆಯಲ್ಲಿತ್ತು.

ಮನೆಗೆ ಕಳಿಸುವಾಗ ಡಾಕ್ಟರು ಒಂದು ಲೆಕ್ಕ ಹೇಳಿದರು. ಕೂಡಿಸಿದ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರು ಬೆಳೆಯುತ್ತದೆ. ತಿಂಗಳಿಗೆ ಹೆಚ್ಚೂಕಡಿಮೆ ಒಂದು ಅಂಗುಲ. ಅದಕ್ಕಿಂತ ವೇಗವಾಗಿ ಬೆಳೆಸುವ ಟಾನಿಕ್ಕು, ಎಣ್ಣೆ ಯಾವುದೂ ಇಲ್ಲ. "ನರದ ಕೆಲಸ ನರ ಮಾಡುತ್ತದೆ. ಅದು ಬರುವವರೆಗೆ ಕೀಲು ಬಿಗಿಯದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ" ಎಂದರು. ಕೈ ಆಡಿಸದೆ ಬಿಟ್ಟರೆ ಹೆಗಲ ಕೀಲು ಹೆಪ್ಪುಗಟ್ಟಿದಂತೆ ಬಿಗಿದುಬಿಡುತ್ತದೆ, ಆಗ ನರ ಬಂದರೂ ಕೈ ಏಳುವುದಿಲ್ಲ.

ಫಿಜಿಯೋಥೆರಪಿಯವರು ಕಲಿಸಿದ್ದನ್ನು ಹಾಲು ಕರೆಯುವ ಹೊತ್ತಿಗೇ ಸೇರಿಸಿಕೊಂಡೆ, ಇಲ್ಲವಾದರೆ ಮರೆತುಹೋಗುತ್ತದೆ. ಬೆಳಿಗ್ಗೆ ಮುಂದಕ್ಕೆ ಬಾಗಿ ತೋಳನ್ನು ಗಡಿಯಾರದ ಲೋಲಕದಂತೆ ಇಳಿಬಿಟ್ಟು ಮೆಲ್ಲಗೆ ಆಡಿಸುವುದು. ಅಂಗಾತ ಮಲಗಿ ಎರಡೂ ಕೈಯಲ್ಲಿ ಕೋಲು ಹಿಡಿದು, ಎಡಗೈಯ ಬಲದಿಂದ ಬಲಗೈಯನ್ನು ತಲೆಯ ಮೇಲಕ್ಕೆ ಒಯ್ಯುವುದು. ಕೆಲವು ವಾರದ ಮೇಲೆ ಹೆಗಲು ಕಿವಿಯ ಕಡೆ ಎತ್ತುವ ಪ್ರಯತ್ನ, ಎರಡೂ ಹಲಗೆಗಳನ್ನು ಹಿಂದಕ್ಕೆ ಕೂಡಿಸುವ ಪ್ರಯತ್ನ. ಸ್ನಾಯು ಎಚ್ಚರಗೊಂಡ ಮೇಲೆ ಗೋಡೆ ತಳ್ಳುವುದು, ರಬ್ಬರ್ ಪಟ್ಟಿ ಎಳೆಯುವುದು. ಈ ಕ್ರಮ ಎಲ್ಲರಿಗೂ ಒಂದೇ ಅಲ್ಲ. ಕೂಡಿಸಿದ ನರವನ್ನು ಬೇಗ ಜಗ್ಗಬಾರದು, ಯಾವಾಗ ಯಾವುದು ಎಂದು ಅವರೇ ಹೇಳಬೇಕು.

ವ್ಯಾಯಾಮದಷ್ಟೇ ಮುಖ್ಯ, ಉಳಿದ ಹೊತ್ತಿನಲ್ಲಿ ಕೈ ಎಲ್ಲಿರುತ್ತದೆ ಎಂಬುದು. ಇಳಿದ ಹೆಗಲಿನಿಂದ ಬಕೀಟು ತೂಗಿಬಿಟ್ಟರೆ ಉಳಿದ ಸ್ನಾಯುಗಳು ಜಗ್ಗಿ ರಾತ್ರಿಯೆಲ್ಲಾ ಸೆಳೆಯುತ್ತದೆ. ಆದ್ದರಿಂದ ಕುಳಿತಾಗ ಮೊಳಕೈಯನ್ನು ತೊಡೆಯ ಮೇಲೆ ದಿಂಬಿಟ್ಟು ಊರಬೇಕು. ನಡೆಯುವಾಗ ಕೈಯನ್ನು ಅಂಗಿಯ ಜೇಬಿಗೆ ಅಥವಾ ಸೊಂಟಕ್ಕೆ ಆಸರೆ ಕೊಡಬೇಕು. ಆ ಮಗ್ಗಲಿಗೆ ಮಲಗಬಾರದು. ಹಾಲು ಕರೆಯುವುದನ್ನು ಕೆಲವು ತಿಂಗಳು ಬಿಟ್ಟೆ. ಮತ್ತೆ ಹಿಡಿದಾಗ ಮೊದಲಿನಂತೆ ದೂರ ಕೂರಲಿಲ್ಲ. ಎಮ್ಮೆಯ ಹತ್ತಿರಕ್ಕೆ ಸರಿದು, ಮೊಳಕೈ ಮೈಗೆ ಅಂಟಿಸಿಕೊಂಡು ಕುಳಿತೆ. ಹಿಂಡುವುದು ಬೆರಳು ಮತ್ತು ಮುಂಗೈ, ಹೆಗಲು ಅಲುಗದೆ ನಿಂತರೆ ಸಾಕು.

ಮೊದಲ ಮೂರು ತಿಂಗಳು ಏನೂ ಕಾಣಲಿಲ್ಲ. ಇದನ್ನು ಮುಖ್ಯವಾಗಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಇಲ್ಲಿಯೇ ಕೈಬಿಡುತ್ತಾರೆ. ಇಷ್ಟೆಲ್ಲ ಖರ್ಚು ಮಾಡಿ ಏನಾಯಿತು ಎಂದು ನೆರೆಯವರು ಕೇಳುತ್ತಾರೆ, ನಮಗೂ ಹಾಗೆಯೇ ಅನಿಸುತ್ತದೆ. ದೀಪಾವಳಿಯ ಹೊತ್ತಿಗೆ ಒಂದು ದಿನ ಹೆಗಲು ಎತ್ತಲು ಪ್ರಯತ್ನಿಸುವಾಗ ಕುತ್ತಿಗೆಯ ಬುಡದಲ್ಲಿ ಏನೋ ಮಿಡಿದಂತಾಯಿತು. ಮನೆಯಾಕೆ ಬೆರಳಿಟ್ಟು ನೋಡಿ "ಹೌದು, ಆಡ್ತದ" ಎಂದಳು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಬಲಗೈ ಹೆಗಲ ಮಟ್ಟಕ್ಕೆ ಬಂತು. ಮುಂದಿನ ಯುಗಾದಿಗೆ ಬೇವಿನ ಟೊಂಗೆಯನ್ನು ಬಾಗಿಲ ಮೇಲೆ ನಾನೇ ಕಟ್ಟಿದೆ.

ಪೂರ್ತಿ ಮೊದಲಿನಂತೆ ಆಯಿತೇ ಎಂದು ಕೇಳಿದರೆ, ಇಲ್ಲ. ಇಂದಿಗೂ ಹಲಗೆ ಎಲುಬು ತುಸು ಎದ್ದೇ ಇದೆ. ಕೈ ಬಹಳ ಹೊತ್ತು ಮೇಲೆತ್ತಿದರೆ ದಣಿಯುತ್ತದೆ. ತುಂಬಿದ ಕ್ಯಾನು ಒಬ್ಬನೇ ಎತ್ತುವುದಿಲ್ಲ. ಸಂಘದಲ್ಲಿ ಇಬ್ಬರು ಹಿಡಿಯುವ ನಿಯಮ ಮಾಡಿದ್ದೇವೆ, ಇದರಿಂದ ಎಲ್ಲರ ಸೊಂಟಕ್ಕೂ ಒಳ್ಳೆಯದೇ ಆಗಿದೆ. ಆದರೆ ಅಂಗಿ ನಾನೇ ತೊಡುತ್ತೇನೆ, ಹಾಲು ನಾನೇ ಕರೆಯುತ್ತೇನೆ, ಲೆಕ್ಕದ ಪುಸ್ತಕ ನಾನೇ ಬರೆಯುತ್ತೇನೆ. ತಡವಾಗಿ ಹೋದವರಿಗೂ ದಾರಿ ಮುಚ್ಚಿಲ್ಲ. ಬದುಕಿರುವ ಬೇರೆ ಸ್ನಾಯುವಿನ ತುದಿಯನ್ನು ಬಿಡಿಸಿ ಹಲಗೆಗೆ ಹೊಲಿದು ಅದನ್ನು ಹಿಡಿಸುವ ಶಸ್ತ್ರಕ್ರಿಯೆಗಳಿವೆ. ಆದರೆ ಅದು ದೊಡ್ಡ ಕೆಲಸ, ವೇಳೆಗೆ ಹೋದವನಿಗೆ ಅದು ಬೇಕಾಗದೆ ಇರಬಹುದು.

ಕೊನೆಯದಾಗಿ ತಾವು ಮನೆಗೆ ಒಯ್ಯಬೇಕಾದ ಮಾತುಗಳು ಇವು.

ಒಂದು, ಕುತ್ತಿಗೆಯಲ್ಲಿ ಗಂಟು ಬಂದರೆ ಮುಚ್ಚಿಡಬೇಡಿ. ನನ್ನ ಕಥೆ ಕೇಳಿ ಆಪರೇಶನ್ನಿಗೆ ಹೆದರಲೂ ಬೇಡಿ. "ಸೂಜಿಯಿಂದ ತೆಗೆದು ಪರೀಕ್ಷೆ ಮಾಡಿದರೆ ಸಾಕಾಗುತ್ತದೆಯೇ?" ಎಂದು ಡಾಕ್ಟರನ್ನು ಕೇಳಿ. ಎಷ್ಟೋ ಸಲ ಅಷ್ಟರಲ್ಲಿಯೇ ರೋಗ ತಿಳಿಯುತ್ತದೆ. ಗಂಟು ತೆಗೆಯಲೇಬೇಕಾದರೆ ಹೆಗಲಿನ ನರದ ವಿಷಯ ಮೊದಲೇ ಕೇಳಿ. ಕೇಳುವುದು ಅಗೌರವವಲ್ಲ.

ಎರಡು, ಕುತ್ತಿಗೆ, ಕಂಕುಳು ಅಥವಾ ಎದೆಯ ಶಸ್ತ್ರಕ್ರಿಯೆ ಆದ ಮೇಲೆ ಮನೆಯವರು ಬೆನ್ನು ನೋಡಬೇಕು. ಗೋಡೆ ತಳ್ಳಿಸಿ, ತೋಳು ಬದಿಯಿಂದ ಎತ್ತಿಸಿ ನೋಡಿ. ಹೆಗಲು ಇಳಿದಿದ್ದರೆ, ಹಲಗೆ ಎದ್ದಿದ್ದರೆ, ಕೈ ತಲೆಯ ಮೇಲೆ ಹೋಗದಿದ್ದರೆ ಅದೇ ವಾರ ಡಾಕ್ಟರಿಗೆ ತೋರಿಸಿ. ತಾಯಂದಿರಲ್ಲಿ ನನ್ನ ವಿಶೇಷ ವಿನಂತಿ. ಎದೆಯ ಆಪರೇಶನ್ ಆದವರು ನಾಚಿಕೆಯಿಂದ ಸುಮ್ಮನಿರುತ್ತಾರೆ, ಕೈ ನೋವು ಸಹಜ ಎಂದು ನುಂಗಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ.

ಮೂರು, ಬರೆ ಬೇಡ, ಎಳೆಸುವುದು ಬೇಡ. ದನಕ್ಕೂ ಬೇಡ, ಮನುಷ್ಯರಿಗೂ ಬೇಡ.

ನಾಲ್ಕು, ಹಸಿ ಹಾಲು ಕುಡಿಯಬೇಡಿ, ಕಾಯಿಸಿ ಕುಡಿಯಿರಿ. ಕ್ಷಯ ಹಿಡಿದ ದನದ ಹಸಿ ಹಾಲಿನಿಂದಲೂ ಕುತ್ತಿಗೆಯ ಗ್ರಂಥಿಗೆ ಕ್ಷಯ ಬರುವ ಒಂದು ದಾರಿ ಇದೆ. ಹಾಲು ಮಾರುವ ನಾವು ಇದನ್ನು ಮೊದಲು ಪಾಲಿಸಬೇಕು.

ಐದು, ಖರ್ಚಿನ ಮಾತು. ಸಹಕಾರಿ ಸದಸ್ಯರಿಗಾಗಿ ೨೦೦೩ರಲ್ಲಿ ಬಂದ ಯಶಸ್ವಿನಿ ಯೋಜನೆ ನಡುವೆ ಕೆಲವು ವರ್ಷ ನಿಂತು ೨೦೨೨-೨೩ರಲ್ಲಿ ಮತ್ತೆ ಆರಂಭವಾಗಿದೆ. ಹೆಸರು ನೋಂದಾಯಿಸುವ ಅವಧಿ ಬಂದಾಗ ನಾಳೆ ನೋಡೋಣ ಎನ್ನಬೇಡಿ. ರೋಗ ಬಂದ ಮೇಲೆ ಓಡಿ ಬಂದರೆ ಕಾರ್ಯದರ್ಶಿಯೂ ಏನೂ ಮಾಡಲಾರ. ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಅನುಕೂಲವಿದೆ ಎಂದು ಆಸ್ಪತ್ರೆಗೆ ಸೇರುವ ಮೊದಲೇ ವಿಚಾರಿಸಿ.

ನನ್ನ ಮಗ ಕೇಳಿದ ಪ್ರಶ್ನೆಯನ್ನೇ ತಮ್ಮ ಮುಂದಿಟ್ಟು ಕೂರುತ್ತೇನೆ. ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ನಾವು ಡಾಕ್ಟರನ್ನು ಕರೆಯುತ್ತೇವೆ. ನಮ್ಮದೇ ಕೈ ಮೇಲೆ ಏಳದಿದ್ದರೆ ಎಷ್ಟು ದಿನ ಕಾಯುತ್ತೇವೆ? ಆ ಎಮ್ಮೆಗೆ ಮೇವು ಹಾಕುವುದೂ ಈ ಕೈಯೇ ಅಲ್ಲವೇ?